ನಿಂತ ನೆಲದಿಂದ ದಿಕ್ಕು: ಪ್ರಾಥಮಿಕ ತರಗತಿಗಳಲ್ಲಿ ದಿಕ್ಕುಗಳ ಬೋಧನೆ

ಪ್ರಾಥಮಿಕ ತರಗತಿಯ ಪಠ್ಯಪುಸ್ತಕದಲ್ಲಿ ದಿಕ್ಕುಗಳ ಪಾಠಕ್ಕೆ ದೊರೆಯುವುದು ಒಂದೆರಡು ಪುಟಗಳಷ್ಟೆ. ಸೂರ್ಯ ಹುಟ್ಟುವುದು ಪೂರ್ವ, ಮುಳುಗುವುದು ಪಶ್ಚಿಮ, ಹುಟ್ಟುವ ಸೂರ್ಯನಿಗೆ ಮುಖಮಾಡಿ ನಿಂತರೆ ಎಡಗೈಯ ಕಡೆ ಉತ್ತರ, ಬಲಗೈಯ ಕಡೆ ದಕ್ಷಿಣ. ಮಕ್ಕಳು ಇದನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮರುವಾರ ಅದೇ ಮಕ್ಕಳನ್ನು ಶಾಲೆಯ ಹಿತ್ತಿಲಿಗೆ ಕರೆದೊಯ್ದು ಉತ್ತರವನ್ನು ಕೈಮಾಡಿ ತೋರಿಸಲು ಹೇಳಿದರೆ ಪಾಠದ ನಿಜವಾದ ಫಲ ಗೊತ್ತಾಗುತ್ತದೆ. ಕೆಲವರು ತಾವು ಯಾವ ಕಡೆಗೆ ಮುಖ ಮಾಡಿದ್ದರೂ ಎಡಗೈಯನ್ನೇ ಚಾಚುತ್ತಾರೆ. ಕೆಲವರು ಆಕಾಶವನ್ನು ತೋರಿಸುತ್ತಾರೆ. ತರಗತಿಯ ಗೋಡೆಯ ಭೂಪಟದಲ್ಲಿ ಉತ್ತರ ಇರುವುದು ಮೇಲ್ಗಡೆಯಲ್ಲೇ ಅಲ್ಲವೆ? ಇನ್ನು ಕೆಲವರು ಪಕ್ಕದವರ ಕೈಯನ್ನು ನೋಡಿ ತಮ್ಮ ಕೈಯನ್ನು ತಿರುಗಿಸುತ್ತಾರೆ.

ಇದನ್ನು ಮಕ್ಕಳ ಮಂದಬುದ್ಧಿಯೆಂದು ತಿಳಿಯುವುದು ಸರಿಯಲ್ಲ. ಅವರು ಕಲಿಸಿದ್ದನ್ನೇ ಕಲಿತಿದ್ದಾರೆ. ಎಡಗೈಯೇ ಉತ್ತರವೆಂದು, ಹಾಳೆಯ ಮೇಲಂಚೇ ಉತ್ತರವೆಂದು ಪಾಠವೇ ಅವರಿಗೆ ಹೇಳಿಕೊಟ್ಟಿದೆ. ಅವರಿಗೆ ದೊರೆಯದೆ ಹೋದುದು ಒಂದೇ ಒಂದು ತಿಳಿವಳಿಕೆ: ದಿಕ್ಕು ಯಾವುದೇ ವಸ್ತುವಿನ ಗುಣವಲ್ಲ, ಊರಿನ ಹೆಸರೂ ಅಲ್ಲ, ಅದು ನಿಂತ ನೆಲೆಯಿಂದ ಇನ್ನೊಂದು ನೆಲೆಗೆ ಏರ್ಪಡುವ ಸಂಬಂಧ. ಮರವೊಂದು ಹಸುರಾಗಿರುವಂತೆ ಪೂರ್ವವಾಗಿರಲಾರದು. ಬಾವಿಯ ಬಳಿ ನಿಂತವರಿಗೆ ಅದು ಪೂರ್ವಕ್ಕಿದೆ, ರಸ್ತೆಯಲ್ಲಿ ನಿಂತವರಿಗೆ ಪಶ್ಚಿಮಕ್ಕಿದೆ.

ಕರ್ನಾಟಕದ ಗಡಿಯಾಚೆಗಿನ ಕನ್ನಡ ಶಾಲೆಗಳಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಕಾಸರಗೋಡಿನ ಮಗುವಿಗೆ ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು ಉತ್ತರಕ್ಕಿದೆ. ಗೋವೆಯ ಮಗುವಿಗೆ ಉತ್ತರ ಕನ್ನಡ ಜಿಲ್ಲೆಯ ಕಾರವಾರ ದಕ್ಷಿಣಕ್ಕಿದೆ. ಹೆಸರನ್ನು ಬಾಯಿಪಾಠ ಮಾಡಿದ ಮಗು ಇಲ್ಲಿ ತಪ್ಪದೆ ಎಡವುತ್ತದೆ. 19ನೆಯ ಶತಮಾನದಲ್ಲಿ ಕೆನರಾ ಜಿಲ್ಲೆಯನ್ನು ಎರಡಾಗಿ ಒಡೆದಾಗ ಹುಟ್ಟಿದ ಹೆಸರುಗಳಿವು. ಆ ದೊಡ್ಡ ಜಿಲ್ಲೆಯ ನಡುವೆ ನಿಂತು ಅಳೆದವರಿಗೆ ಒಂದು ತುಂಡು ಉತ್ತರ, ಇನ್ನೊಂದು ದಕ್ಷಿಣ. ದಕ್ಷಿಣದ ತುಂಡಿನ ತೆಂಕಣ ತುದಿಯಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಜಿಲ್ಲೆಯ ಹೆಸರು ಮಾತ್ರ ಮೊದಲಿನಂತೆಯೇ ಉಳಿಯಿತು. ಈ ಒಗಟನ್ನು ನಾಲ್ಕನೆಯ ತರಗತಿಯ ಮಕ್ಕಳ ಮುಂದಿಟ್ಟರೆ ಅವರು ತಾವಾಗಿಯೇ ‘ಯಾರಿಗೆ ದಕ್ಷಿಣ?’ ಎಂದು ಕೇಳುತ್ತಾರೆ. ಆ ಪ್ರಶ್ನೆ ಮಗುವಿನ ಬಾಯಿಯಿಂದ ಬಂದ ದಿನ ಪಾಠದ ಅರ್ಧಭಾಗ ಮುಗಿದಂತೆ.

ಮನೆಮಾತಿನಲ್ಲಿರುವ ದಿಕ್ಕುಗಳು

ಶಾಲೆಗೆ ಬರುವ ಮುನ್ನವೇ ಮಗು ದಿಕ್ಕುಗಳ ಹೆಸರನ್ನು ಕೇಳಿರುತ್ತದೆ, ಆದರೆ ಪುಸ್ತಕದ ಹೆಸರನ್ನಲ್ಲ. ಅಕ್ಕಲಕೋಟೆ, ಜತ್ತದ ಸೀಮೆಯ ರೈತರ ಮನೆಗಳಲ್ಲಿ ಮೂಡಲ ಹೊಲ, ಪಡುವಲ ಹೊಲ ಎಂಬ ಮಾತು ಬಳಕೆಯಲ್ಲಿದೆ. ಕಾಸರಗೋಡಿನ ತುಳು ಮನೆಮಾತಿನ ಮಗುವಿಗೆ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ ಎಂಬ ಪದಗಳು ಗೊತ್ತಿರುತ್ತವೆ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ತೆಂಕುತಿಟ್ಟು, ಬಡಗುತಿಟ್ಟು ಎಂಬ ಹೆಸರುಗಳು ಹೊಸವಲ್ಲ. ಮೂಡುಬಿದಿರೆ, ಪಡುಬಿದ್ರಿಗಳ ಹೆಸರಿನಲ್ಲಿ ಮೂಡಣವೂ ಪಡುವಣವೂ ಇವೆ. ನೀಲಗಿರಿಯ ಬಡಗರ ಹೆಸರು ‘ಬಡಗಣದವರು’ ಎಂಬ ಅರ್ಥದ್ದು. ಮೈಸೂರು ಸೀಮೆಯಿಂದ, ಎಂದರೆ ಬೆಟ್ಟದ ಬಡಗಣ ಬದಿಯಿಂದ, ಏರಿ ಬಂದವರೆಂಬ ನೆನಪನ್ನು ಆ ಹೆಸರು ಹೊತ್ತಿದೆ. ಕನ್ನಡ ಶಾಸನಗಳಲ್ಲಿ ದಾನಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವುದು ಮೂಡಲು, ತೆಂಕಲು, ಪಡುವಲು, ಬಡಗಲು ಎಂಬ ಈ ಪದಗಳಿಂದಲೇ.

ಈ ಪದಗಳನ್ನು ಹಳ್ಳಿಯ ಮಾತೆಂದು ಬದಿಗಿಟ್ಟು ಪೂರ್ವ, ಪಶ್ಚಿಮಗಳಿಂದಲೇ ಪಾಠ ಆರಂಭಿಸುವುದು ಬೋಧನೆಯ ದೃಷ್ಟಿಯಿಂದ ನಷ್ಟದ ವ್ಯವಹಾರ. ಮೂಡಣದಲ್ಲಿ ‘ಮೂಡು’ ಎಂಬ ಕ್ರಿಯೆಯಿದೆ, ಸೂರ್ಯ ಮೂಡುವ ಕಡೆ. ಪಡುವಣದಲ್ಲಿ ‘ಪಡು’ ಇದೆ, ಸೂರ್ಯ ಇಳಿದು ಮುಳುಗುವ ಕಡೆ. ಹೆಸರನ್ನು ಕೇಳಿದ ಮಗುವಿಗೆ ನೋಡಬೇಕಾದ ಕಡೆ ಯಾವುದೆಂದು ಹೆಸರೇ ತಿಳಿಸುತ್ತದೆ. ಮೂಡಣ, ಪಡುವಣಗಳು ನೆಲೆನಿಂತ ಮೇಲೆ ಪೂರ್ವ, ಪಶ್ಚಿಮಗಳನ್ನು ಅವುಗಳ ಜೊತೆಗೆ ಕೂಡಿಸಬಹುದು. ಸಂಸ್ಕೃತದ ಹೆಸರುಗಳಲ್ಲಿಯೂ ಒಂದು ಚಿತ್ರವಿದೆ, ಆದರೆ ಅದು ಬೇರೆಯ ಬಗೆಯದು. ಪೂರ್ವವೆಂದರೆ ಮುಂದಿನದು, ಪಶ್ಚಿಮವೆಂದರೆ ಹಿಂದಿನದು, ದಕ್ಷಿಣವೆಂದರೆ ಬಲಗೈಯ ಕಡೆಯದು. ಬೆಳಗಿನ ಸೂರ್ಯನಿಗೆ ಎದುರಾಗಿ ನಿಂತ ವ್ಯಕ್ತಿಯ ಮೈಯನ್ನೇ ಅಳತೆಗೋಲಾಗಿ ಮಾಡಿಕೊಂಡ ಹೆಸರುಗಳಿವು. ಪ್ರದಕ್ಷಿಣೆ ಎಂಬ ಪದದಲ್ಲಿರುವುದೂ ಇದೇ ಬಲಗೈ. ದೇವರನ್ನು ಬಲಕ್ಕೆ ಇಟ್ಟುಕೊಂಡು ಸುತ್ತುವುದೇ ಪ್ರದಕ್ಷಿಣೆ. ‘ಉತ್ತರ’ ಎಂಬ ಪದವಂತೂ ಎರಡನೆಯ ತರಗತಿಯ ಮಕ್ಕಳನ್ನು ತುಸು ಕಾಡುವಂಥದ್ದು. ‘ಪ್ರಶ್ನೆಗಳಿಗೆ ಉತ್ತರ ಬರೆಯಿರಿ’ ಎಂಬಲ್ಲಿನ ಉತ್ತರಕ್ಕೂ ಈ ಉತ್ತರಕ್ಕೂ ಏನು ಸಂಬಂಧವೆಂದು ಅವರು ಕೇಳಿದರೆ ನಗುವಂತಿಲ್ಲ. ಬಡಗಣ ಎಂದರೆ ಆ ಗೊಂದಲವೇ ಇಲ್ಲ.

ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ಈ ಶಾಲೆಗಳಲ್ಲಿ ಹೆಚ್ಚು. ಅವರ ಕಿವಿಗೆ ಬೀಳುವ ಇತರ ಭಾಷೆಗಳ ಪದಗಳನ್ನು ಕೂಡ ಪಾಠಕ್ಕೆ ತಂದುಕೊಳ್ಳಬಹುದು. ಮಲಯಾಳದ ಪಡಿಞ್ಞಾರ್, ತೆಲುಗಿನ ಪಡಮರ, ತುಳುವಿನ ಪಡ್ಡಾಯಿ, ಕನ್ನಡದ ಪಡುವಣ, ಇವೆಲ್ಲವುಗಳಲ್ಲೂ ಒಂದೇ ‘ಪಡು’ ಇಳಿಯುತ್ತಿದೆ. ತಮಿಳಿನ ವಡಕ್ಕು ಮತ್ತು ಕನ್ನಡದ ಬಡಗು ಒಂದೇ ಪದದ ಎರಡು ರೂಪಗಳು. ಸೊಲ್ಲಾಪುರದ ಮಗು ಪಕ್ಕದ ಮನೆಯ ಮರಾಠಿಯಲ್ಲಿ ಉಗವತ್, ಮಾವಳತ್ ಎಂಬುದನ್ನು ಕೇಳಿದ್ದರೆ ಉದಯ ಮತ್ತು ಅಸ್ತಗಳ ಅದೇ ಚಿತ್ರ ಅದಕ್ಕೆ ಅಲ್ಲಿಯೂ ಸಿಗುತ್ತದೆ. ತಮಿಳಿನ ಮೂಡಣದಿಕ್ಕಿನ ಹೆಸರು ಮಾತ್ರ ಸೂರ್ಯನನ್ನು ಬಿಟ್ಟು ನೆಲವನ್ನು ನೋಡಿ ಹುಟ್ಟಿದ್ದು. ಕಿೞಕ್ಕು ಎಂದರೆ ಕೆಳಗಿನ ಕಡೆ, ಮೇರ್ಕು ಎಂದರೆ ಮೇಲಿನ ಕಡೆ. ತಮಿಳುನಾಡಿನಲ್ಲಿ ನೆಲ ಪಶ್ಚಿಮದ ಬೆಟ್ಟಗಳಿಂದ ಪೂರ್ವದ ಕಡಲಿಗೆ ಇಳಿಯುತ್ತದೆ. ಇದೇ ಕಿೞಕ್ಕು ಮಲಯಾಳದಲ್ಲೂ ಪೂರ್ವಕ್ಕೆ ಹೆಸರಾಗಿದೆ, ಅಲ್ಲಿ ಪೂರ್ವದಲ್ಲಿರುವುದು ಎತ್ತರದ ಘಟ್ಟವಾದರೂ! ವಯನಾಡಿನ ಅಥವಾ ಕಾಸರಗೋಡಿನ ಮೇಲಿನ ತರಗತಿಯ ಮಕ್ಕಳಿಗೆ ಈ ವಿಚಿತ್ರವನ್ನು ಹೇಳಿದರೆ ಅವರು ಅದನ್ನು ಮರೆಯುವುದಿಲ್ಲ.

ಆದರೆ ಒಂದೇ ದಿನ ಎಲ್ಲ ಭಾಷೆಗಳ ಪದಗಳನ್ನೂ ಸುರಿಯಬಾರದು. ಮೊದಲು ಮೂಡಣ, ಪಡುವಣ. ಅವುಗಳನ್ನು ತಪ್ಪಿಲ್ಲದೆ ಕೈಮಾಡಿ ತೋರಿಸುವಂತಾದ ಮೇಲೆ ಬಡಗಣ, ತೆಂಕಣ. ಬಳಿಕ ಪುಸ್ತಕದ ನಾಲ್ಕು ಹೆಸರುಗಳು. ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯಗಳು ನಾಲ್ಕನೆಯ ತರಗತಿಯವರೆಗೆ ಕಾಯಲಿ.

ಸೂರ್ಯನನ್ನು ಎಷ್ಟು ನಂಬಬೇಕು

‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂಬ ವಾಕ್ಯ ವರ್ಷದಲ್ಲಿ ಎರಡು ದಿನ ಮಾತ್ರ ಪೂರ್ತಿ ನಿಜ. ಮಾರ್ಚ್ 20 ಅಥವಾ 21ರಂದು ಮತ್ತು ಸೆಪ್ಟೆಂಬರ್ 22 ಅಥವಾ 23ರಂದು ಸೂರ್ಯ ನೇರ ಪೂರ್ವದಲ್ಲಿ ಮೂಡುತ್ತಾನೆ. ಉಳಿದ ದಿನಗಳಲ್ಲಿ ಅವನು ಮೂಡುವ ಜಾಗ ಬಡಗಣಕ್ಕೋ ತೆಂಕಣಕ್ಕೋ ಸರಿದಿರುತ್ತದೆ. ನೀಲಗಿರಿಯಿಂದ ಸೊಲ್ಲಾಪುರದವರೆಗಿನ ಎಲ್ಲ ಊರುಗಳಲ್ಲಿ ಜೂನ್ ಕೊನೆಯ ಭಾಗದಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಬಡಗಣಕ್ಕೆ ಮೂಡುತ್ತಾನೆ, ಡಿಸೆಂಬರ್ ಕೊನೆಯ ಭಾಗದಲ್ಲಿ ಅಷ್ಟೇ ತೆಂಕಣಕ್ಕೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿಯನ್ನು ಮರೆಮಾಡುತ್ತದೆ. ಎಂದರೆ ಈ ಸರಿತ ಹತ್ತಿರ ಹತ್ತಿರ ಎರಡೂವರೆ ಮುಷ್ಟಿ.

ಇದರಲ್ಲಿ ಶಾಲೆಗೆ ಸಂಬಂಧಿಸಿದ ತೊಡಕೊಂದಿದೆ. ಶಾಲೆಗಳು ತೆರೆಯುವುದು ಜೂನ್ ತಿಂಗಳಿನಲ್ಲಿ. ದಿಕ್ಕುಗಳ ಪಾಠ ಪುಸ್ತಕದ ಆರಂಭದಲ್ಲಿದ್ದರೆ ಅದನ್ನು ಬೋಧಿಸುವುದೂ ಜೂನ್, ಜುಲೈ ತಿಂಗಳುಗಳಲ್ಲಿ. ಸೂರ್ಯನ ಸರಿತ ಅತಿ ಹೆಚ್ಚಾಗಿರುವ ಕಾಲದಲ್ಲಿಯೇ ಮಕ್ಕಳು ಸೂರ್ಯನನ್ನು ನೋಡಿ ಪೂರ್ವವನ್ನು ಗುರುತಿಸುತ್ತಾರೆ. ಕಾಸರಗೋಡಿನಲ್ಲೂ ವಯನಾಡಿನಲ್ಲೂ ಆಗ ಸೂರ್ಯ ಕಾಣುವುದೇ ಅಪರೂಪ. ಸಾಧ್ಯವಿದ್ದ ಶಾಲೆಗಳಲ್ಲಿ ಈ ಪಾಠದ ಹೊರಾಂಗಣ ಭಾಗವನ್ನು ಸೆಪ್ಟೆಂಬರ್ ಮೂರನೆಯ ವಾರಕ್ಕೆ ಒಯ್ಯುವುದು ಉಚಿತ. ಒಯ್ಯಲಾಗದಿದ್ದರೆ ಮೂರನೆಯ ತರಗತಿಯಲ್ಲಿ ‘ಸೂರ್ಯ ಮೂಡುವ ಬದಿ ಮೂಡಣ’ ಎಂಬಷ್ಟಕ್ಕೆ ನಿಲ್ಲಿಸಿ, ನೇರ ಪೂರ್ವವನ್ನು ಕೋಲಿನ ನೆರಳಿನಿಂದ ಕಂಡುಕೊಳ್ಳಬೇಕು. ಐದನೆಯ ತರಗತಿಯ ಮಕ್ಕಳಿಗೆ ಈ ಸರಿತವನ್ನೇ ಅಭ್ಯಾಸವಾಗಿ ಕೊಡಬಹುದು. ಮನೆಯ ಅಂಗಳದ ಒಂದೇ ಕಲ್ಲಿನ ಮೇಲೆ ನಿಂತು ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಸೂರ್ಯ ಯಾವ ಮರದ, ಯಾವ ಮನೆಯ, ಯಾವ ಗುಡ್ಡದ ನೇರಕ್ಕೆ ಮೂಡಿದನೆಂದು ಚಿತ್ರ ಬರೆದಿಟ್ಟರೆ ಸಾಕು.

ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ವ್ಯಾಪಕ. ‘ನಡುಹಗಲಿನ ನೆರಳು ಉತ್ತರಕ್ಕೆ ಬೀಳುತ್ತದೆ’ ಎಂಬ ಮಾತು ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ದೇಶಗಳಿಗೆ ವರ್ಷವಿಡೀ ಸರಿ. ನಮ್ಮ ಊರುಗಳೆಲ್ಲ ಆ ವೃತ್ತದ ದಕ್ಷಿಣಕ್ಕಿವೆ. ಇಲ್ಲಿ ವರ್ಷದಲ್ಲಿ ಎರಡು ದಿನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟ ಕೋಲಿಗೆ ಆಗ ನೆರಳೇ ಇರುವುದಿಲ್ಲ. ನೀಲಗಿರಿ, ವಯನಾಡು, ತಾಳವಾಡಿಗಳಲ್ಲಿ ಇದು ಸುಮಾರು ಏಪ್ರಿಲ್ 21 ಮತ್ತು ಆಗಸ್ಟ್ 22ರ ಆಸುಪಾಸು. ಕಾಸರಗೋಡು, ಹೊಸೂರುಗಳಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 19ರ ಸುಮಾರಿಗೆ. ಮಡಕಶಿರಾದಲ್ಲಿ ಏಪ್ರಿಲ್ 28 ಮತ್ತು ಆಗಸ್ಟ್ 15ರ ಸುಮಾರಿಗೆ. ಆದವಾನಿಯಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರ. ಸೊಲ್ಲಾಪುರದ ಸೀಮೆಯಲ್ಲಿ ಮೇ 11 ಮತ್ತು ಆಗಸ್ಟ್ 2ರ ಸುಮಾರಿಗೆ. ಈ ಎರಡು ದಿನಗಳ ನಡುವಿನ ಕಾಲದಲ್ಲಿ ನಡುಹಗಲಿನ ನೆರಳು ಬೀಳುವುದು ದಕ್ಷಿಣಕ್ಕೆ. ಜೂನ್ ತಿಂಗಳಲ್ಲಿ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ, ನೆರಳು ಬಿದ್ದ ಕಡೆಯೇ ಉತ್ತರವೆಂದು ಹೇಳಿಕೊಟ್ಟರೆ ಪಾಠ ತಲೆಕೆಳಗಾಗುತ್ತದೆ.

ಗುಡಿಯ ಬಾಗಿಲನ್ನು ನೋಡಿ ಪೂರ್ವವನ್ನು ಹೇಳುವ ಅಭ್ಯಾಸವೂ ಹಲವೆಡೆ ಇದೆ. ಬಹಳಷ್ಟು ಗುಡಿಗಳು ಪೂರ್ವಾಭಿಮುಖವಾಗಿರುವುದು ನಿಜ. ಆದರೆ ಉಡುಪಿಯ ಕೃಷ್ಣನ ವಿಗ್ರಹ ಪಶ್ಚಿಮಾಭಿಮುಖವಾದದ್ದು. ಗುಡಿಯನ್ನು ಮಕ್ಕಳು ತಮ್ಮ ದಿಕ್ಕಿನ ತಿಳಿವಳಿಕೆಯಿಂದ ಪರೀಕ್ಷಿಸಲಿ, ಗುಡಿಯಿಂದ ದಿಕ್ಕನ್ನು ಕಲಿಯುವುದು ಬೇಡ. ಧ್ರುವನಕ್ಷತ್ರದ ವಿಷಯದಲ್ಲೂ ಎಚ್ಚರ ಬೇಕು. ಅದು ಆಕಾಶದ ಅತ್ಯಂತ ಪ್ರಕಾಶಮಾನವಾದ ನಕ್ಷತ್ರವಲ್ಲ, ಮತ್ತು ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುತ್ತದೆ: ಕಾಸರಗೋಡಿನಲ್ಲಿ ದಿಗಂತದಿಂದ ಒಂದೂಕಾಲು ಮುಷ್ಟಿ, ಸೊಲ್ಲಾಪುರದಲ್ಲಿ ಒಂದೂಮುಕ್ಕಾಲು. ಗುಡ್ಡಗಳ ನಡುವಿನ ಊರುಗಳಲ್ಲಿ ಅದನ್ನು ಹುಡುಕಿಸಿದರೆ ಮಕ್ಕಳಿಗೆ ಬೇಸರವೇ ಉಳಿಯುತ್ತದೆ.

ನೆಟ್ಟ ಕೋಲು

ಯಾವ ತಿಂಗಳಿನಲ್ಲಿಯೂ ತಪ್ಪದೆ ದಿಕ್ಕನ್ನು ತೋರಿಸುವ ವಿಧಾನವೊಂದು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ಇದೆ. ಯಜ್ಞವೇದಿಕೆಯ ಅಳತೆಗಳನ್ನು ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲಿ ಶಂಕುವನ್ನು ನೆಟ್ಟು, ಅದರ ಸುತ್ತ ವೃತ್ತವನ್ನೆಳೆದು ಪೂರ್ವಪಶ್ಚಿಮಗಳನ್ನು ಕಂಡುಕೊಳ್ಳುವ ಕ್ರಮವನ್ನು ವಿವರಿಸಲಾಗಿದೆ. ಶಾಲೆಯಲ್ಲಿ ಇದಕ್ಕೆ ಬೇಕಾಗುವುದು ಅರ್ಧ ಮೀಟರಿನಷ್ಟು ಉದ್ದದ ನೇರವಾದ ಕೋಲು, ಒಂದು ದಾರ, ಎರಡು ಮೊಳೆಗಳು ಮತ್ತು ದಿನವಿಡೀ ಬಿಸಿಲು ಬೀಳುವ ಸಮತಟ್ಟಾದ ನೆಲ.

ಕೋಲನ್ನು ನೆಟ್ಟು ಅದು ಲಂಬವಾಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಬೇಕು. ಬೆಳಿಗ್ಗೆ 10 ಗಂಟೆಯ ಸುಮಾರಿಗೆ ನೆರಳಿನ ತುದಿಗೆ ಒಂದು ಮೊಳೆಯನ್ನು ಚುಚ್ಚಿ, ಕೋಲಿನ ಬುಡದಿಂದ ಆ ಮೊಳೆಯವರೆಗಿನ ಉದ್ದವನ್ನೇ ತ್ರಿಜ್ಯವಾಗಿಟ್ಟು ದಾರದಿಂದ ವೃತ್ತ ಎಳೆಯಬೇಕು. ನೆರಳು ನಡುಹಗಲಿನವರೆಗೆ ಗಿಡ್ಡವಾಗುತ್ತಾ ವೃತ್ತದ ಒಳಗೆ ಸರಿಯುತ್ತದೆ, ಆಮೇಲೆ ಮತ್ತೆ ಬೆಳೆಯುತ್ತದೆ. ಮಧ್ಯಾಹ್ನ 2 ಗಂಟೆಯಿಂದಲೇ ಒಂದಿಬ್ಬರು ಮಕ್ಕಳನ್ನು ಕಾವಲಿಗೆ ಇಡಬೇಕು. ನೆರಳಿನ ತುದಿ ವೃತ್ತವನ್ನು ಮತ್ತೆ ಮುಟ್ಟಿದ ಕ್ಷಣದಲ್ಲಿ ಎರಡನೆಯ ಮೊಳೆ. ಈ ಎರಡು ಮೊಳೆಗಳನ್ನು ಕೂಡಿಸುವ ಗೆರೆಯೇ ಪೂರ್ವಪಶ್ಚಿಮ. ಬೆಳಗಿನ ಮೊಳೆಯ ತುದಿ ಪಡುವಣ, ಮಧ್ಯಾಹ್ನದ್ದು ಮೂಡಣ. ಎರಡು ಮೊಳೆಗಳನ್ನೂ ಕೇಂದ್ರವಾಗಿಟ್ಟು ಉದ್ದನೆಯ ದಾರದಿಂದ ಒಂದೇ ಅಳತೆಯ ಕಂಸಗಳನ್ನೆಳೆದರೆ ನಡುವೆ ಮೀನಿನಾಕಾರ ಮೂಡುತ್ತದೆ; ಆ ಮೀನಿನ ಬಾಯಿಯಿಂದ ಬಾಲಕ್ಕೆ ಎಳೆದ ಗೆರೆ ಉತ್ತರದಕ್ಷಿಣ.

ಗಡಿಯಾರದ 12 ಗಂಟೆಗೆ ನೆರಳು ಅತಿ ಗಿಡ್ಡವಾಗಬೇಕೆಂದು ನಿರೀಕ್ಷಿಸಬಾರದು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಮ್ಮ ಊರುಗಳು ಅದರ ಪಶ್ಚಿಮಕ್ಕಿವೆ. ಕಾಸರಗೋಡಿನಲ್ಲಿ ನಿಜವಾದ ನಡುಹಗಲು ಸರಾಸರಿ 12 ಗಂಟೆ 30 ನಿಮಿಷಕ್ಕೆ, ಹೊಸೂರಿನಲ್ಲಿ 12 ಗಂಟೆ 20 ನಿಮಿಷದ ಸುಮಾರಿಗೆ. ತಿಂಗಳಿಂದ ತಿಂಗಳಿಗೆ ಅದು ಕಾಲು ಗಂಟೆಯಷ್ಟು ಹಿಂದುಮುಂದಾಗುತ್ತದೆ. ಎರಡು ಮೊಳೆಗಳ ವಿಧಾನದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಅದಕ್ಕೆ ಗಡಿಯಾರವೂ ಬೇಡ, ತಿಂಗಳೂ ಬೇಡ. ಜೂನ್ ತಿಂಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬಿದ್ದಾಗಲೂ ಈ ಗೆರೆ ಕದಲುವುದಿಲ್ಲ.

ಒಮ್ಮೆ ದೊರೆತ ಗೆರೆಗಳನ್ನು ಅಳಿಸಲು ಬಿಡಬಾರದು. ಅವುಗಳ ತುದಿಗಳಿಗೆ ನಾಲ್ಕು ಕಲ್ಲುಗಳನ್ನು ನೆಟ್ಟು, ಸುಣ್ಣ ಬಳಿದು ಮೂ, ಪ, ತೆಂ, ಬ ಎಂಬ ಅಕ್ಷರಗಳನ್ನು ಬರೆದರೆ ಶಾಲೆಗೆ ವರ್ಷಗಟ್ಟಲೆ ಉಳಿಯುವ ದಿಕ್ಕಿನ ಕಟ್ಟೆ ಸಿದ್ಧವಾಗುತ್ತದೆ. ಮುಂದಿನ ಆಟಗಳೆಲ್ಲ ಇದರ ನಡುವಿನಿಂದ. ಮೂಡಣಕ್ಕೆ ಐದು ಹೆಜ್ಜೆ, ಅಲ್ಲಿಂದ ತೆಂಕಣಕ್ಕೆ ಮೂರು, ಈಗ ಕಟ್ಟೆ ಯಾವ ಕಡೆಗೆ? ಆಟದಲ್ಲಿ ಮರೆಯಬಾರದ ನಿಯಮವೊಂದಿದೆ: ಮಕ್ಕಳು ಸದಾ ಸೂರ್ಯನಿಗೆ ಎದುರಾಗಿ ನಿಲ್ಲಬಾರದು. ಒಮ್ಮೆ ಪಡುವಣಕ್ಕೆ ಮುಖ ಮಾಡಿಸಿ, ಒಮ್ಮೆ ತೆಂಕಣಕ್ಕೆ, ಒಮ್ಮೆ ಎರಡು ಸುತ್ತು ತಿರುಗಿಸಿ ನಿಲ್ಲಿಸಿ ಬಡಗಣವನ್ನು ಕೇಳಬೇಕು. ಎಡಗೈಯೇ ಉತ್ತರವೆಂಬ ತಪ್ಪು ಭಾವನೆ ಕಳಚುವುದು ಹೀಗೆಯೇ, ವಿವರಣೆಯಿಂದಲ್ಲ.

ಶಾಲೆಯಲ್ಲಿ ದಿಕ್ಸೂಚಿಯಿದ್ದರೆ ಅದನ್ನು ಕಟ್ಟೆಯ ಗೆರೆಯ ಮೇಲಿಟ್ಟು ಮಕ್ಕಳಿಗೆ ತೋರಿಸಲಿ. ನಮ್ಮ ಪ್ರದೇಶಗಳಲ್ಲಿ ಅದರ ಮುಳ್ಳು ನಿಜವಾದ ಉತ್ತರದಿಂದ ಬಹಳ ತಪ್ಪುವುದಿಲ್ಲ, ವ್ಯತ್ಯಾಸ ಎರಡು ಡಿಗ್ರಿಯೊಳಗೆ. ಕಬ್ಬಿಣದ ಬೆಂಚಿನ ಮೇಲೆ, ಮೊಬೈಲ್ ಫೋನಿನ ಪಕ್ಕದಲ್ಲಿ ಇಟ್ಟರೆ ಮಾತ್ರ ಮುಳ್ಳು ಎಲ್ಲೆಲ್ಲಿಗೋ ತಿರುಗುತ್ತದೆ. ದಿಕ್ಸೂಚಿ ಇಲ್ಲದಿದ್ದರೆ ಹೊಲಿಗೆಯ ಸೂಜಿಯನ್ನು ಆಯಸ್ಕಾಂತದಿಂದ ಒಂದೇ ಕಡೆಗೆ ಹಲವು ಬಾರಿ ಉಜ್ಜಿ, ಎಲೆಯ ತುಂಡಿನ ಮೇಲಿಟ್ಟು ನೀರಿನ ತಟ್ಟೆಯಲ್ಲಿ ತೇಲಿಬಿಟ್ಟರಾಯಿತು.

ಗೋಡೆಯಿಂದ ನೆಲಕ್ಕೆ

ಭೂಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸುವುದು ಈ ಪಾಠದಲ್ಲಿ ಶಿಕ್ಷಕರು ಮಾಡಬಹುದಾದ ಅತ್ಯಂತ ಸುಲಭದ, ಅತ್ಯಂತ ಫಲಕಾರಿಯಾದ ಕೆಲಸ. ಪಟದ ಉತ್ತರವನ್ನು ಕಟ್ಟೆಯ ಬಡಗಣಕ್ಕೆ ಹೊಂದಿಸಿ ಹಾಸಿ, ಮಕ್ಕಳು ತಮ್ಮ ಊರಿನ ಬಿಂದುವಿನ ಬಳಿ ಕುಳಿತು ನೆರೆಯ ಊರುಗಳ ಕಡೆಗೆ ಬೆರಳು ತೋರಿಸಿದರೆ ಪಟದ ಮೇಲಿನ ಬೆರಳು ಮತ್ತು ನೆಲದ ಮೇಲಿನ ದಾರಿ ಒಂದೇ ಕಡೆಗೆ ಹೋಗುತ್ತವೆ. ಗೋಡೆಯ ಮೇಲೆ ತೂಗುಹಾಕಲೇಬೇಕಾದರೆ ತರಗತಿಯ ಬಡಗಣ ಗೋಡೆಯಲ್ಲಿ ತೂಗುಹಾಕಬೇಕು. ಆಗ ಪಟಕ್ಕೆ ಎದುರಾದ ಮಗುವಿನ ಬಲಗೈ ಪಟದಲ್ಲೂ ನೆಲದಲ್ಲೂ ಪೂರ್ವಕ್ಕೇ ಇರುತ್ತದೆ. ತೆಂಕಣ ಗೋಡೆಯ ಪಟದಲ್ಲಿ ಎಲ್ಲವೂ ಅದಲುಬದಲು.

ಮೇಲಂಚು ಉತ್ತರವಾಗಿರುವುದು ಪಟ ಬರೆಯುವವರ ಒಪ್ಪಂದ, ಪ್ರಕೃತಿಯ ನಿಯಮವಲ್ಲ ಎಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕು. 1154ರಲ್ಲಿ ಅಲ್ ಇದ್ರೀಸಿ ಸಿಸಿಲಿಯ ಅರಸನಿಗಾಗಿ ಸಿದ್ಧಪಡಿಸಿದ ಪ್ರಸಿದ್ಧ ಭೂಪಟದಲ್ಲಿ ಮೇಲ್ಗಡೆ ಇರುವುದು ದಕ್ಷಿಣ. ಮಕ್ಕಳು ತರಗತಿಯ ಕೋಣೆಯ ಪಟವನ್ನು ತಾವೇ ಬರೆಯುವಾಗ ಮೊದಲು ಬಾಗಿಲನ್ನು ಮೇಲಿಟ್ಟು ಬರೆಯಲಿ, ಆಮೇಲೆ ಹಾಳೆಯನ್ನು ತಿರುಗಿಸಿ ಉತ್ತರವನ್ನು ಮೇಲಿಟ್ಟು ಬರೆಯಲಿ. ಕೋಣೆ ತಿರುಗಲಿಲ್ಲ, ಹಾಳೆ ಮಾತ್ರ ತಿರುಗಿತು ಎಂಬುದು ಅವರ ಕೈಗೇ ಗೊತ್ತಾಗುತ್ತದೆ.

ಊರಿನಿಂದ ಊರಿಗೆ

ಗಡಿನಾಡಿನ ಕನ್ನಡ ಶಾಲೆಗಳ ಪಠ್ಯಪುಸ್ತಕಗಳು ಆಯಾ ರಾಜ್ಯದ ಇಡೀ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿನ ಸಾಮಾನ್ಯ ವಾಕ್ಯ ತಾಳವಾಡಿಯ ಅಥವಾ ವಯನಾಡಿನ ಮಗುವಿನ ಕಣ್ಣಿಗೆ ಕಾಣುವುದಕ್ಕೆ ಹೊಂದದೆ ಹೋಗಬಹುದು. ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ ಹರಿಯುತ್ತವೆ. ವಯನಾಡಿನ ಮಗು ನೋಡುವ ಕಬಿನಿ ಪೂರ್ವಕ್ಕೆ ಹರಿಯುವ ಮೂರರಲ್ಲಿ ಒಂದು. ತಮಿಳುನಾಡಿನ ಪುಸ್ತಕದಲ್ಲಿ ಕಡಲು ಪೂರ್ವಕ್ಕಿದ್ದರೆ ಕಾಸರಗೋಡಿನ, ಗೋವೆಯ ಮಕ್ಕಳಿಗೆ ಅದು ಪಶ್ಚಿಮಕ್ಕಿದೆ. ಇಂಥ ಕಡೆ ಪುಸ್ತಕವನ್ನು ತಿದ್ದಬೇಕಾಗಿಲ್ಲ. ‘ಎಲ್ಲಿ ನಿಂತು ಹೇಳಿದ ಮಾತು ಇದು?’ ಎಂದು ಕೇಳಿದರೆ ಸಾಕು. ಹೊಸೂರಿನ ಬಳಿಯ ನದಿ ದಕ್ಷಿಣ ಪಿನಾಕಿನಿ, ತಮಿಳಿನಲ್ಲಿ ತೆನ್‌ಪೆಣ್ಣೈ. ‘ತೆನ್’ ಎಂದರೂ ತೆಂಕಣವೇ. ಅದಕ್ಕೆ ದಕ್ಷಿಣವೆಂಬ ಹೆಸರು ಬಂದದ್ದು ನಂದಿಬೆಟ್ಟದ ಸೀಮೆಯಲ್ಲಿಯೇ ಹುಟ್ಟುವ ಇನ್ನೊಂದು ಪಿನಾಕಿನಿ ಬಡಗಣಕ್ಕೆ ಹೊರಟಿರುವುದರಿಂದ.

ಒಂದೇ ಊರಿಗೆ ಎರಡು ಶಾಲೆಗಳಿಂದ ದಿಕ್ಕು ಕೇಳುವ ಅಭ್ಯಾಸ ಐದನೆಯ ತರಗತಿಗೆ ಬಹಳ ಹೊಂದುತ್ತದೆ. ವಿಜಯಪುರ ಸೊಲ್ಲಾಪುರದ ಮಗುವಿಗೆ ತೆಂಕಣಕ್ಕಿದೆ, ಜತ್ತದ ಮಗುವಿಗೆ ಮೂಡಣಕ್ಕೆ, ತುಸು ತೆಂಕಣಕ್ಕೆ ವಾಲಿ. ಬಳ್ಳಾರಿ ರಾಯದುರ್ಗದ ಮಗುವಿಗೆ ಬಡಗಣಕ್ಕಿದೆ, ಆದವಾನಿಯ ಮಗುವಿಗೆ ನೈಋತ್ಯಕ್ಕೆ. ‘ಕರ್ನಾಟಕ ಯಾವ ದಿಕ್ಕಿನಲ್ಲಿದೆ?’ ಎಂಬ ಪ್ರಶ್ನೆಗೆ ಹೊಸೂರಿನವರು ವಾಯವ್ಯವನ್ನೂ ತಾಳವಾಡಿಯವರು ಬಡಗಣವನ್ನೂ ತೋರಿಸಿದರೆ ಇಬ್ಬರೂ ಸರಿ. ಜಹೀರಾಬಾದಿನವರು ಬೀದರಿನ ಕಡೆಗೆ ಬಡಗಣವನ್ನು ತೋರಿಸುತ್ತಾರೆ, ನಾರಾಯಣಪೇಟೆಯವರು ರಾಯಚೂರಿನ ಕಡೆಗೆ ತೆಂಕಣವನ್ನು. ಮಡಕಶಿರಾದ ಮಗುವಿಗೆ ಪಾವಗಡ ಬಡಗಣಕ್ಕಿದೆ, ಮಧುಗಿರಿ ತೆಂಕಣಕ್ಕಿದೆ, ಶಿರಾ ಪಡುವಣಕ್ಕಿದೆ, ಮೂರೂ ಕರ್ನಾಟಕವೇ. ಆ ಮಗುವಿನ ಕೈ ಒಂದೇ ಕಡೆಗೆ ಚಾಚಿ ನಿಲ್ಲಲಾರದು.

ಈ ಅಭ್ಯಾಸಕ್ಕೆ ಮುನ್ನ ಅಥವಾ ಇದರ ಬದಲಿಗೆ, ದೊಡ್ಡ ಭೂಪಟವೇ ಇಲ್ಲದ ಶಾಲೆಯಲ್ಲೂ ನಡೆಸಬಹುದಾದ ಕೆಲಸವೊಂದಿದೆ. ಹೊಲ, ಮನೆಗಳ ಪತ್ರಗಳಲ್ಲಿ ಚೆಕ್ಕುಬಂದಿ ಬರೆಯುವುದನ್ನು ಮಕ್ಕಳ ಹಿರಿಯರೆಲ್ಲ ಬಲ್ಲರು: ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ, ದಕ್ಷಿಣಕ್ಕೆ ಯಾರ ಮನೆ. ಪ್ರತಿಯೊಂದು ಮಗುವೂ ಹಿರಿಯರನ್ನು ಕೇಳಿ, ಅಂಗಳದಲ್ಲಿ ನಿಂತು ನೋಡಿ ತನ್ನ ಮನೆಯ ಚೆಕ್ಕುಬಂದಿಯನ್ನು ನೋಟುಪುಸ್ತಕದಲ್ಲಿ ಬರೆದು ತರಲಿ. ಅಜ್ಜ ಅಜ್ಜಿಯರು ಮೂಡಲು, ಪಡುವಲು ಎಂದು ಹೇಳಿದರೆ ಅದನ್ನೇ ಬರೆಯಲಿ, ಪುಸ್ತಕದ ಹೆಸರನ್ನು ಪಕ್ಕದಲ್ಲಿ ಸೇರಿಸಲಿ. ಜಮೀನಿಲ್ಲದ ಮನೆಯ ಮಗುವಿಗೂ ನಾಲ್ಕು ದಿಕ್ಕುಗಳಿವೆ. ಬಾಡಿಗೆಯ ಕೋಣೆಗೂ ಮೂಡಣದ ನೆರೆಯವರಿದ್ದಾರೆ. ಮರುದಿನ ಅಕ್ಕಪಕ್ಕದ ಮನೆಗಳ ಇಬ್ಬರು ಮಕ್ಕಳನ್ನು ಕರೆದು ಅವರ ಪುಟಗಳನ್ನು ಜೊತೆಜೊತೆಯಾಗಿ ಇಡಬೇಕು. ಒಬ್ಬಳ ಪುಟದಲ್ಲಿ ‘ಮೂಡಣಕ್ಕೆ’ ಎಂದಿರುವ ಮನೆಯ ಮಗು ತನ್ನ ಪುಟದಲ್ಲಿ ಅವಳ ಮನೆಯನ್ನು ‘ಪಡುವಣಕ್ಕೆ’ ಎಂದು ಬರೆದಿರುತ್ತದೆ. ಯಾರದು ತಪ್ಪೆಂದು ತರಗತಿಯೇ ಮಾತಾಡಿ ತೀರ್ಮಾನಿಸಲಿ. ಶಿಕ್ಷಕರು ಕೆಲಹೊತ್ತು ಸುಮ್ಮನಿರುವುದು ಒಳ್ಳೆಯದು.